ದುಬಾರಿ ಫಿಲ್ಮ್ ಕ್ಯಾಮೆರಾ: ಇಟ್ಟುಕೊಂಡು ಬಳಸುವುದೋ, ಮಾರುವುದೋ?

ಕಾಸರಗೋಡು ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಳ್ಳೆಯದೊಂದು ಫಿಲ್ಮ್ ಕ್ಯಾಮೆರಾ ಮಲಗಿದೆ. ಗಲ್ಫಿನಲ್ಲಿದ್ದ ಮಾವ ತಂದ ನಿಕಾನ್ ಎಫ್‌ಎಂ2, ಸ್ಟುಡಿಯೋ ಮುಚ್ಚಿದಾಗ ಉಳಿದುಕೊಂಡ ಯಾಶಿಕಾ ಮ್ಯಾಟ್ ಅಥವಾ ಹ್ಯಾಸೆಲ್‌ಬ್ಲಾಡ್, ಈಚೆಗೆ ಆಸೆಪಟ್ಟು ಲಕ್ಷಗಟ್ಟಲೆ ಕೊಟ್ಟು ತರಿಸಿದ ಲೈಕಾ ಎಂ6. ಇಟ್ಟುಕೊಳ್ಳೋಣವೇ, ಕೊಟ್ಟುಬಿಡೋಣವೇ ಎಂಬ ಪ್ರಶ್ನೆಯನ್ನು ಒಣಹವೆಯ ಊರಿನವರು ವರ್ಷಗಟ್ಟಲೆ ಮುಂದೂಡಬಹುದು. ನಮಗೆ ಗಡುವಿದೆ. ಮೇ ಕೊನೆಯ ವಾರ ತುಳುನಾಡಿನ ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಹವೆಯಲ್ಲಿ ತೇವ ಏರತೊಡಗುತ್ತದೆ. ಆಮೇಲೆ ನಾಲ್ಕು ತಿಂಗಳು ಮನೆಯೊಳಗೂ ಆರ್ದ್ರತೆ ಶೇ. 80ರ ಆಸುಪಾಸಿನಲ್ಲೇ ಇರುತ್ತದೆ. ಲೆನ್ಸಿನೊಳಗೆ ಫಂಗಸ್ ಬೆಳೆಯಲು ಶೇ. 65–70 ಸಾಕು.

ಹಾಗಾಗಿ ‘ಸದ್ಯಕ್ಕೆ ಇರಲಿ’ ಎಂದು ಎತ್ತಿಡುವುದೇ ಇಲ್ಲಿ ಎಲ್ಲಕ್ಕಿಂತ ಕೆಟ್ಟ ತೀರ್ಮಾನ. ಬಳಸಿ, ಇಲ್ಲವೇ ಕೆಲಸ ಮಾಡುತ್ತಿರುವಾಗಲೇ ಮಾರಿ. ಎರಡರಲ್ಲಿ ಯಾವುದು ಎಂದು ಏಪ್ರಿಲ್‌ನಲ್ಲೇ ಪರೀಕ್ಷೆಗೆ ಕೂತರೆ ಮೇ ಮುಗಿಯುವುದರೊಳಗೆ ಗೊತ್ತಾಗುತ್ತದೆ.

ಮೊದಲು: ಬ್ಯಾಟರಿ ಇಲ್ಲದೆ ನಡೆಯುತ್ತದೆಯೇ?

ಕ್ಯಾಮೆರಾದ ಆಯಸ್ಸು ಎಷ್ಟೆಂದು ಹೇಳುವುದು ಬೆಲೆಯಲ್ಲ, ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಶಟರ್. ನಿಕಾನ್ ಎಫ್‌ಎಂ2, ಪೆಂಟಾಕ್ಸ್ ಕೆ1000, 1984ರಲ್ಲಿ ಬಂದ ಲೈಕಾ ಎಂ6, ಹ್ಯಾಸೆಲ್‌ಬ್ಲಾಡ್ 500ಸಿ/ಎಂ, ಇವುಗಳ ಶಟರ್ ಸ್ಪ್ರಿಂಗ್ ಮತ್ತು ಹಲ್ಲುಚಕ್ರಗಳಿಂದ ನಡೆಯುತ್ತದೆ. ಎಫ್‌ಎಂ2, ಕೆ1000, ಎಂ6ರಲ್ಲಿ ಬ್ಯಾಟರಿ ಬೇಕಾದದ್ದು ಬೆಳಕು ಅಳೆಯುವ ಮೀಟರಿಗೆ ಮಾತ್ರ. 500ಸಿ/ಎಂಗೆ ಅದೂ ಬೇಡ. ಇಂಥವು ಕೆಟ್ಟರೆ ಬಲ್ಲವರು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ನಡೆಸಬಹುದು.

ಕ್ಯಾನನ್ ಎಇ-1 ಬ್ಯಾಟರಿ ಸತ್ತರೆ ಕ್ಲಿಕ್ಕೇ ಆಗುವುದಿಲ್ಲ. ನಿಕಾನ್ ಎಫ್3 ಕೂಡ ಎಲೆಕ್ಟ್ರಾನಿಕ್. ಆಪತ್ಕಾಲಕ್ಕೆ ಸುಮಾರು 1/60 ಸೆಕೆಂಡಿನಲ್ಲಿ ಹೊಡೆಯುವ ಒಂದು ಸಣ್ಣ ಲಿವರ್ ಕೊಟ್ಟಿದ್ದಾರೆ, ಅಷ್ಟೆ. ಕಾಂಟ್ಯಾಕ್ಸ್ ಟಿ2ನಂಥ ಜೇಬಿನ ಕ್ಯಾಮೆರಾಗಳಲ್ಲಂತೂ ಫೋಕಸ್‌ನಿಂದ ರೋಲು ಸುತ್ತುವವರೆಗೆ ಎಲ್ಲವೂ ಸರ್ಕ್ಯೂಟ್. ಅದು ಸುಟ್ಟರೆ ಹೊಸ ಬಿಡಿಭಾಗ ಯಾರೂ ಮಾಡುತ್ತಿಲ್ಲ, ಇನ್ನೊಂದು ಸತ್ತ ಕ್ಯಾಮೆರಾದಿಂದಲೇ ಕೀಳಬೇಕು. ದುಬಾರಿಯೂ ಎಲೆಕ್ಟ್ರಾನಿಕ್ಕೂ ಆದ ಕ್ಯಾಮೆರಾವನ್ನು ಜೋಪಾನವಾಗಿ ಇಟ್ಟುಕೊಳ್ಳುವುದಕ್ಕೆ ಅರ್ಥವೇ ಇಲ್ಲ.

ಅರ್ಧ ಗಂಟೆಯ ಪರೀಕ್ಷೆ

ಹಿಂಬಾಗಿಲು ತೆರೆಯುವ ಮುನ್ನ, 35 ಎಂಎಂ ಕ್ಯಾಮೆರಾ ಆದರೆ, ರೀವೈಂಡ್ ಹಿಡಿಕೆಯನ್ನು ಬಾಣದ ದಿಕ್ಕಿಗೆ ಮೆಲ್ಲನೆ ತಿರುಗಿಸಿ. ಬಿಗಿ ಸಿಕ್ಕಿದರೆ ಒಳಗೆ ಹಳೆಯ ರೋಲು ಇದೆ. ರೀವೈಂಡ್ ಗುಂಡಿ (ಹೆಚ್ಚಿನವುಗಳಲ್ಲಿ ಅಡಿಯಲ್ಲಿ) ಒತ್ತಿ ಪೂರ್ತಿ ಸುತ್ತಿಕೊಂಡೇ ತೆರೆಯಿರಿ. ಯಾರ ಮದುವೆಯ ಫೋಟೊ ಇದೆಯೋ ಗೊತ್ತಿಲ್ಲ. ಆ ರೋಲಿನ ಮೇಲೆ ಕೊಡಾಕ್ರೋಮ್ ಎಂದಿದ್ದರೆ ಬಣ್ಣದ ಆಸೆ ಬಿಡಿ. ಅದನ್ನು ತೊಳೆಯುವ ರಾಸಾಯನಿಕ ವಿಧಾನ 2010ರ ಕೊನೆಗೆ ನಿಂತಿತು, ಈಗ ಕಪ್ಪು-ಬಿಳುಪಿನಲ್ಲಷ್ಟೇ ತೊಳೆಯಬಹುದು.

ಬ್ಯಾಟರಿ ಗುಂಡಿಯಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಲಿಂಬೆರಸ ಅಥವಾ ವಿನೆಗರ್ ತೇವಗೊಳಿಸಿದ ಹತ್ತಿಕಡ್ಡಿಯಿಂದ ಉಜ್ಜಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಹೊಸ ಬ್ಯಾಟರಿ ಹಾಕುವಾಗ ಎಲ್‌ಆರ್44 ಬದಲು ಎಸ್‌ಆರ್44 ತನ್ನಿ. ಎರಡೂ ಒಂದೇ ಅಳತೆಯವು. ಮೊದಲನೆಯದರ ವೋಲ್ಟೇಜು ದಿನಕಳೆದಂತೆ ಇಳಿಯುತ್ತ ಮೀಟರಿಗೆ ಸುಳ್ಳು ಹೇಳಿಸುತ್ತದೆ, ಬೆಳ್ಳಿಯ ಆಕ್ಸೈಡಿನ ಎಸ್‌ಆರ್44 ಕೊನೆಯವರೆಗೂ 1.55 ವೋಲ್ಟಿನ ಹತ್ತಿರವೇ ನಿಲ್ಲುತ್ತದೆ. ಒಲಿಂಪಸ್ ಓಎಂ-1ರಂಥವು ಈಗ ಸಿಗದ 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದವು. ಅವಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ ಶ್ರವಣಯಂತ್ರದ 675 ನಂಬರಿನ ಬ್ಯಾಟರಿ ಹೊಂದುತ್ತದೆ. ಸ್ಟಿಕರ್ ಕಿತ್ತ ಮೇಲೆ ಒಂದೆರಡು ತಿಂಗಳು ಬರುತ್ತದೆ.

ಈಗ ಶಟರ್. ಖಾಲಿ ಕ್ಯಾಮೆರಾದ ಹಿಂಬಾಗಿಲು ತೆರೆದು, ಲೆನ್ಸಿನ ಅಪರ್ಚರ್, ಅಂದರೆ ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದಿಟ್ಟು, ಬೆಳಕಿರುವ ಕಿಟಕಿಗೆ ಹಿಡಿಯಿರಿ. 1 ಸೆಕೆಂಡಿನಿಂದ ಶುರುಮಾಡಿ ಒಂದೊಂದೇ ವೇಗದಲ್ಲಿ ಕ್ಲಿಕ್ ಮಾಡಿ. ನಿಧಾನ ವೇಗಗಳೇ ಮೊದಲು ಕೈಕೊಡುವುದು, ಏಕೆಂದರೆ ಹಳೆಯ ಗ್ರೀಸು ಅಂಟಾಗಿ ಹಲ್ಲುಚಕ್ರ ಎಳೆದಾಡುತ್ತದೆ. ‘ಝರ್ರ್’ ಎಂಬ ಸದ್ದು ಮಧ್ಯೆ ತಡವರಿಸಿದರೆ ಅಥವಾ ಶಟರ್ ಅರ್ಧಕ್ಕೆ ನಿಂತರೆ ಸರ್ವಿಸ್ ಬೇಕೇಬೇಕು. ಮೊಬೈಲಿನ ಸ್ಲೋಮೋಷನ್ ಸೆಕೆಂಡಿಗೆ 240 ಫ್ರೇಮಿನದಾದರೆ ಅಳತೆಯೂ ಸುಲಭ: 1/15ಕ್ಕೆ ಬೆಳಕು 16 ಫ್ರೇಮುಗಳಲ್ಲಿ ಕಾಣಬೇಕು, 1/30ಕ್ಕೆ 8ರಲ್ಲಿ, 1/60ಕ್ಕೆ 4ರಲ್ಲಿ. 1/30 ಹೊಡೆದಾಗ 14 ಫ್ರೇಮು ಬಂದರೆ ಸುಮಾರು ಒಂದು ಸ್ಟಾಪ್ (ಎರಡು ಪಟ್ಟು) ಹೆಚ್ಚು ಬೆಳಕು ಬೀಳುತ್ತಿದೆ ಎಂದರ್ಥ. ಅದಕ್ಕಿಂತ ವೇಗದ ಶಟರನ್ನು ಮೊಬೈಲು ಅಳೆಯಲಾರದು. 1/1000ದಲ್ಲಿ ಚೌಕಟ್ಟಿನ ಒಂದು ಬದಿ ಕಪ್ಪಾಗಿಯೇ ಉಳಿಯುತ್ತಿದೆಯೇ ಎಂದು ಕಣ್ಣಲ್ಲೇ ನೋಡಿ. ಶಟರಿನ ಎರಡು ಪರದೆಗಳಲ್ಲಿ ಎರಡನೆಯದು ಮೊದಲನೆಯದನ್ನು ಹಿಂದಿನಿಂದ ಹಿಡಿದುಬಿಟ್ಟರೆ ಹೀಗಾಗುತ್ತದೆ.

ಲೈಕಾದಂಥ ಬಟ್ಟೆ ಪರದೆಯ ಕ್ಯಾಮೆರಾಗಳಿಗೆ ಇನ್ನೊಂದು ಪರೀಕ್ಷೆ ಉಂಟು. ಕತ್ತಲ ಕೋಣೆಯಲ್ಲಿ ಲೆನ್ಸ್ ತೆಗೆದು, ಮುಂದಿನಿಂದ ಟಾರ್ಚ್ ಬಿಟ್ಟು, ಹಿಂದಿನಿಂದ ನೋಡಿ. ನಕ್ಷತ್ರದ ಹಾಗೆ ಚುಕ್ಕೆ ಕಂಡರೆ ಪರದೆ ತೂತಾಗಿದೆ. ಲೈಕಾ ರೇಂಜ್‌ಫೈಂಡರ್, ಅಂದರೆ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ. ಅದರೊಳಗೆ ಶಟರಿನ ಮುಂದೆ ಕನ್ನಡಿ ಇಲ್ಲ, ಬಿಸಿಲು ಲೆನ್ಸಿನ ಮೂಲಕ ನೇರ ಪರದೆಯ ಮೇಲೇ ಕೂಡುತ್ತದೆ. ಬೇಕಲದ ಮರಳಿನ ಮೇಲೆ ಮುಚ್ಚಳ ಹಾಕದೆ ಸೂರ್ಯನಿಗೆ ಮುಖಮಾಡಿ ಇಟ್ಟರೆ ಪರದೆ ಸುಟ್ಟು ತೂತು ಬೀಳಲು ಹೆಚ್ಚು ಹೊತ್ತು ಬೇಡ.

ರೇಂಜ್‌ಫೈಂಡರ್ ಸರಿಯಿದೆಯೇ ಎಂದು ನೋಡಲು ಕಡಲಂಚಿನ ಗೆರೆ ಪ್ರಯೋಜನವಿಲ್ಲ. ಅಲ್ಲಿ ಎರಡು ಬಿಂಬ ಅಕ್ಕಪಕ್ಕ ಜರಗುತ್ತವೆ, ಅಡ್ಡಗೆರೆಯಲ್ಲಿ ಆ ಜರಗು ಕಾಣುವುದಿಲ್ಲ. ಕಿಲೋಮೀಟರಿನಷ್ಟು ದೂರದ ಮೊಬೈಲ್ ಟವರ್ ಹಿಡಿಯಿರಿ, ಲೆನ್ಸನ್ನು ಅನಂತಕ್ಕೆ ತಿರುಗಿಸಿದಾಗ ಎರಡೂ ಒಂದಾಗಬೇಕು.

ಲೆನ್ಸಿಗೆ ಬನ್ನಿ. ಹಿಂದಿನಿಂದ ಟಾರ್ಚ್ ಬಿಟ್ಟು ಸ್ವಲ್ಪ ಓರೆಯಾಗಿ ನೋಡಿ. ಅಂಚಿನಿಂದ ಕವಲೊಡೆದು ಹಬ್ಬಿದ ಎಳೆಗಳು ಫಂಗಸ್. ಇಡೀ ಗಾಜಿಗೆ ಹಾಲಿನಂಥ ಮುಸುಕು ಇದ್ದರೆ ಅದು ಎಣ್ಣೆಯ ಆವಿ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಮಚ್ಚೆ ಕಂಡರೆ ಗಾಜುಗಳ ನಡುವಿನ ಅಂಟು ಬಿಟ್ಟಿದೆ, ಅದನ್ನು ಸರಿಮಾಡುವ ಖರ್ಚು ಹೆಚ್ಚಿನ ಲೆನ್ಸುಗಳಿಗೆ ಗಿಟ್ಟುವುದಿಲ್ಲ. ಹೊಸದಾಗಿ ಹುಟ್ಟಿದ ಫಂಗಸ್ಸನ್ನು ಬಲ್ಲವರು ಬಿಚ್ಚಿ ಒರೆಸಿದರೆ ಹೋಗುತ್ತದೆ. ಹಳೆಯದು ಕೋಟಿಂಗನ್ನೇ ತಿಂದಿರುತ್ತದೆ, ಒರೆಸಿದ ಮೇಲೂ ಅದರ ನಕ್ಷೆ ಗಾಜಿನ ಮೇಲೆ ಉಳಿಯುತ್ತದೆ. ಬಿಸಿಲಿಗಿಟ್ಟರೆ ಫಂಗಸ್ ಸಾಯಬಹುದು, ಆದರೆ ಹೆಣ ಅಲ್ಲೇ ಇರುತ್ತದೆ. ಅಂಗಳದಲ್ಲಿ ಅಡಿಕೆಯ ಪಕ್ಕ ಲೆನ್ಸು ಒಣಹಾಕುವ ಕೆಲಸ ಬೇಡ, ಕಾದ ಗ್ರೀಸು ಇಳಿದು ಅಪರ್ಚರ್ ಎಲೆಗಳಿಗೆ ಹತ್ತುತ್ತದೆ.

ಹಿಂಬಾಗಿಲ ಚಡಿಗಳಲ್ಲಿರುವ ಕಪ್ಪು ಸ್ಪಂಜು ಬೆರಳಿಗೆ ಡಾಂಬರಿನಂತೆ ಹತ್ತಿದರೆ ಬದಲಿಸಲೇಬೇಕು. ಇದನ್ನು ಮನೆಯಲ್ಲೇ ಮಾಡಬಹುದು: ಐಸೊಪ್ರೊಪೈಲ್ ಹಚ್ಚಿ ಬಿದಿರಿನ ಕಡ್ಡಿಯಿಂದ ಕೆರೆದು, 1.5–2 ಮಿ.ಮೀ. ದಪ್ಪದ ಅಂಟುಫೋಮ್ ಕತ್ತರಿಸಿ ಕೂರಿಸಿ. ಕನ್ನಡಿಯ ಮೇಲಂಚಿನ ಫೋಮನ್ನೂ ಮರೆಯಬೇಡಿ. ಆಲ್ಕೊಹಾಲಿನ ಒಂದು ಹನಿಯೂ ಫೋಕಸಿಂಗ್ ಸ್ಕ್ರೀನಿಗೆ ತಾಗಬಾರದು. ಅದು ಪ್ಲಾಸ್ಟಿಕ್, ಮಸುಕಾದರೆ ಮತ್ತೆ ಸರಿಯಾಗದು.

ಒಂದು ರೋಲು ಹೊಡೆದು ನೋಡಿ

ಐಎಸ್‌ಒ (ಫಿಲ್ಮು ಬೆಳಕಿಗೆ ಸ್ಪಂದಿಸುವ ಅಳತೆ) 200ರ ಬಣ್ಣದ ನೆಗೆಟಿವ್ ರೋಲು ಒಂದು ಸಾಕು. ಕಪಾಟಿನಲ್ಲಿ ಸಿಕ್ಕ ಹಳೆಯ ರೋಲಿನಲ್ಲಿ ಪರೀಕ್ಷೆ ಮಾಡಬೇಡಿ, ತಪ್ಪು ಕ್ಯಾಮೆರಾದ್ದೋ ರೋಲಿನದ್ದೋ ತಿಳಿಯುವುದಿಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೋಲು ಸಿಕ್ಕರೆ ನೆನಪಿಗೆ ಇಟ್ಟುಕೊಳ್ಳಿ.

ತುಂಬಿಸಿದ ಮೇಲೆ ಫಿಲ್ಮ್ ಸುತ್ತುವ ಲಿವರ್ ಎಳೆದಾಗಲೆಲ್ಲ ಎಡಗಡೆಯ ರೀವೈಂಡ್ ಹಿಡಿಕೆ ಹಿಂದಕ್ಕೆ ತಿರುಗುತ್ತಿರಬೇಕು. ತಿರುಗದಿದ್ದರೆ ಫಿಲ್ಮ್ ಸಿಕ್ಕಿಕೊಂಡಿಲ್ಲ, 36 ಕ್ಲಿಕ್ಕೂ ಗಾಳಿಗೆ. ನೆತ್ತಿಯ ಬಿಸಿಲಿನಲ್ಲಿ ವೇಗ 1/250, ಅಪರ್ಚರ್ ಎಫ್/16 ಇಟ್ಟು ಒಂದು, ಮೀಟರ್ ಹೇಳಿದಂತೆ ಇನ್ನೊಂದು. ಒಂದೇ ದೃಶ್ಯವನ್ನು ಎಲ್ಲ ವೇಗಗಳಲ್ಲಿ, ಅಪರ್ಚರ್ ಸರಿದೂಗಿಸುತ್ತ ತೆಗೆಯಿರಿ. ಪೂರ್ತಿ ತೆರೆದ ಲೆನ್ಸಿನಲ್ಲಿ 1 ಮೀಟರಿಗೆ, 3 ಮೀಟರಿಗೆ, ಅನಂತಕ್ಕೆ ಒಂದೊಂದು ತೆಗೆಯಿರಿ. ಪ್ರತಿ ಕ್ಲಿಕ್ಕನ್ನೂ ಚೀಟಿಯಲ್ಲಿ ಬರೆದಿಡಿ.

ತೊಳೆದು ಬಂದ ನೆಗೆಟಿವ್ ಓದುವಾಗ ಮೊದಲು ಅಂಚಿನ ಅಂಕಿ ನೋಡಿ, ಚಿತ್ರ ಆಮೇಲೆ. ಅಂಚಿನ ಅಂಕಿ, ಅಕ್ಷರ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಬೆಳಕು ಕಡಿಮೆ ಬಿದ್ದಿದೆ, ತಪ್ಪು ಕ್ಯಾಮೆರಾದ್ದು ಅಥವಾ ನಿಮ್ಮದು. ಅಂಕಿಗಳೂ ತೆಳುವಾಗಿದ್ದರೆ ತೊಳೆದವರದ್ದು. ಚೌಕಟ್ಟು ದಾಟಿ ರಂಧ್ರಗಳವರೆಗೆ ಹರಿದ ಕಪ್ಪು ಪಟ್ಟಿ ಎಂದರೆ ಹಿಂಬಾಗಿಲಿನಿಂದ ಬೆಳಕು ಸೋರಿಕೆ. ಅದೇ ಸ್ಕ್ಯಾನಿನಲ್ಲಿ ಕಿತ್ತಳೆ ಬಣ್ಣವಾಗಿ ಕಾಣುತ್ತದೆ. ಚೌಕಟ್ಟುಗಳ ನಡುವಿನ ಅಂತರ ಒಂದೇ ಸಮ ಇಲ್ಲದಿದ್ದರೆ ಸುತ್ತುವ ಗೇರ್ ಜಾರುತ್ತಿದೆ.

ಲೆಕ್ಕ

ಇಲ್ಲಿ ಭಾವನೆ ಬದಿಗಿಟ್ಟು ಪೆನ್ಸಿಲು ಹಿಡಿಯಬೇಕು. ನಿಮಗೆ ಸಿಗುವ ದರ ಬೇರೆ ಇರಬಹುದು. ಲೆಕ್ಕಕ್ಕಾಗಿ ರೋಲಿಗೆ 1,100, ತೊಳೆದು ಸ್ಕ್ಯಾನ್ ಮಾಡಲು 700, ಹೋಗಿ ಬರುವ ಕೊರಿಯರ್‌ಗೆ 250 ಎಂದಿಟ್ಟುಕೊಳ್ಳಿ. ಒಟ್ಟು 2,050, 36ರಿಂದ ಭಾಗಿಸಿದರೆ ಕ್ಲಿಕ್ಕಿಗೆ 57 ರೂಪಾಯಿ. 120 ಎಂಬ ಅಗಲ ಫಿಲ್ಮಿನ ಹ್ಯಾಸೆಲ್‌ಬ್ಲಾಡ್, ಯಾಶಿಕಾ ಮ್ಯಾಟ್‌ಗಳಲ್ಲಿ ರೋಲಿಗೆ 12 ಚಿತ್ರ ಮಾತ್ರ, ಅದೇ ಖರ್ಚಿಗೆ ಒಂದೊಂದೂ 170 ದಾಟುತ್ತದೆ. ತಿಂಗಳಿಗೆ ಒಂದು ರೋಲಾದರೆ ವರ್ಷಕ್ಕೆ 24,600. ಕ್ಯಾಮೆರಾ 2 ಲಕ್ಷಕ್ಕೆ ಹೋಗುವಂಥದ್ದಾದರೆ ಆ ಹಣ ಶೇ. 7ರ ಎಫ್‌ಡಿಯಲ್ಲಿ ವರ್ಷಕ್ಕೆ 14,000 ತರುತ್ತಿತ್ತು ಎಂಬುದನ್ನೂ ಸೇರಿಸಿ.

ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ವರ್ಷಕ್ಕೆ 6 ರೋಲು ಹೊಡೆಯದವರು ದುಬಾರಿ ಕ್ಯಾಮೆರಾ ಇಟ್ಟುಕೊಳ್ಳಬೇಕಿಲ್ಲ. ಚಿತ್ರ ಮೂಡಿಸುವುದು ಲೆನ್ಸು ಮತ್ತು ಫಿಲ್ಮು. ಕೆ1000ಕ್ಕೆ ಒಳ್ಳೆಯ 50 ಎಂಎಂ ಹಾಕಿದರೆ ಗೋಡೆಗೆ ತೂಗುಹಾಕುವ ಪ್ರಿಂಟಿನಲ್ಲಿ ಲೈಕಾಕ್ಕೂ ಅದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ದುಬಾರಿ ಬಾಡಿ ಕೊಡುವುದು ಬೇರೆ ಸುಖ: ಸ್ವಚ್ಛವಾದ ವ್ಯೂಫೈಂಡರ್, ಮೆಲುವಾದ ಶಟರ್, ಮತ್ತೆ ಮತ್ತೆ ದುರಸ್ತಿಗೆ ಬಗ್ಗುವ ಯಂತ್ರ. ಈ ಸುಖ ಕೈಗೆ ಬೇಕಾದವರು, ಅಂದರೆ ವಾರಕ್ಕೊಮ್ಮೆ ಕುತ್ತಿಗೆಗೆ ಹಾಕಿಕೊಂಡು ಹೊರಡುವವರು, ಇಟ್ಟುಕೊಳ್ಳಲಿ. ಅಡಿಕೆ ದಾಸ್ತಾನು ಇಟ್ಟು ದರ ಕಾಯುವ ಹಾಗೆ ಕ್ಯಾಮೆರಾ ಕಾಯುವವರಿಗೆ ಹೇಳುವುದಿಷ್ಟೆ: ಗೋದಾಮಿನ ಅಡಿಕೆಗೂ ಹುಳ ಬೀಳುತ್ತದೆ.

ಮಳೆಗಾಲದ ಪೆಟ್ಟಿಗೆ

ಇಟ್ಟುಕೊಳ್ಳುವುದೆಂದು ಆಯಿತು. ಮೊದಲ ಕೆಲಸ, ಚರ್ಮದ ಚೀಲದಿಂದ ಹೊರಗೆ ತೆಗೆಯುವುದು. ತೇವ ಹೀರಿ ಹಿಡಿದಿಟ್ಟುಕೊಳ್ಳುವ ಚರ್ಮದ ಮೇಲೆಯೇ ಬೂಷ್ಟು ಮೊದಲು ಹುಟ್ಟುವುದು. ಗೋದ್ರೆಜ್ ಕಪಾಟು, ಮರದ ಪೆಟ್ಟಿಗೆ, ಥರ್ಮೊಕೋಲ್ ಯಾವುದೂ ಬೇಡ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಧೂಳು ಒಳಗೆ ಹೋಗುತ್ತದೆ. ನುಸಿಗುಳಿಗೆಯ ಆವಿ ಗಾಜಿಗೆ ಒಳ್ಳೆಯದಲ್ಲ.

ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಲು ಸಾಧ್ಯವಾದರೆ ಅದೇ ಮೇಲು, ಮಳೆಗಾಲದಲ್ಲಿ ಕರೆಂಟು ಕೆಲವು ಗಂಟೆ ಹೋದರೂ ಬಾಗಿಲು ತೆರೆಯದಿದ್ದರೆ ಒಳಗಿನ ಒಣಹವೆ ಉಳಿಯುತ್ತದೆ. ಇಲ್ಲದಿದ್ದರೆ ರಬ್ಬರ್ ಅಂಚಿನ, ಬಿಗಿಯಾಗಿ ಮುಚ್ಚುವ 15–20 ಲೀಟರಿನ ಪ್ಲಾಸ್ಟಿಕ್ ಡಬ್ಬ, ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ 300 ಗ್ರಾಂ, ಆರ್ದ್ರತೆ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುವುದರಿಂದ ಮಕ್ಕಳಿರುವ ಮನೆಗೆ ಅದು ಬೇಡ.

ಅಗ್ಗದ ಹೈಗ್ರೋಮೀಟರನ್ನು ಹಾಗೆಯೇ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ಕರಗದೆ ಬರೇ ಹಿಟ್ಟಿನಂತಾಗುವಷ್ಟು ನೀರು ಹನಿಸಿ. ಅದನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ತಾಗದಂತೆ ಇಟ್ಟು ರಾತ್ರಿಯಿಡೀ ಬಿಡಿ. ಹಸಿ ಉಪ್ಪಿನ ಮೇಲಿನ ಗಾಳಿಯ ಆರ್ದ್ರತೆ ಶೇ. 75ಕ್ಕೆ ನಿಲ್ಲುತ್ತದೆ. ಬೆಳಿಗ್ಗೆ ಮೀಟರ್ 69 ತೋರಿಸಿದರೆ ಅದು 6 ಕಡಿಮೆ ಹೇಳುತ್ತದೆಂದು ಡಬ್ಬದ ಮೇಲೆ ಬರೆದಿಡಿ.

ಡಬ್ಬದೊಳಗೆ ಶೇ. 40–50 ಇರಲಿ. 30ಕ್ಕಿಂತ ಇಳಿಸಿದರೆ ಎಣ್ಣೆ, ರಬ್ಬರ್ ಒಣಗುತ್ತವೆ. 55 ದಾಟಿತೋ, ಜೆಲ್ ಹಸಿರಾಯಿತೋ, ಹುರಿಯುವ ಸಮಯ: 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ, ಅಥವಾ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ಮರಳುವವರೆಗೆ. ಬಿಸಿ ಆರುವುದು ಮುಚ್ಚಿದ ಗಾಜಿನ ಬಾಟಲಿಯಲ್ಲೇ ಆಗಲಿ, ತೆರೆದಿಟ್ಟರೆ ಆರುವ ಹೊತ್ತಿಗೆ ಮತ್ತೆ ತೇವ ಕುಡಿದಿರುತ್ತದೆ. ಮಳೆ ಬಿಟ್ಟ ದಿನ ಕ್ಯಾಮೆರಾ ಹೊರತೆಗೆದು ಎಲ್ಲ ವೇಗಗಳಲ್ಲೂ ಹತ್ತಿಪ್ಪತ್ತು ಸಲ ಖಾಲಿ ಕ್ಲಿಕ್ ಮಾಡಿ, ಫೋಕಸ್ ಉಂಗುರ ಪೂರ್ತಿ ತಿರುಗಿಸಿ. ಎತ್ತಿಡುವಾಗ ಬ್ಯಾಟರಿ ತೆಗೆಯಿರಿ, ಲಿವರ್ ಎಳೆದು ಶಟರನ್ನು ಕ್ಲಿಕ್ಕಿಗೆ ಸಜ್ಜಾಗಿಸಿ ಇಡಬೇಡಿ. ಹ್ಯಾಸೆಲ್‌ಬ್ಲಾಡ್ ಮಾತ್ರ ಇದಕ್ಕೆ ಅಪವಾದ. ಬಾಡಿಯೂ ಲೆನ್ಸೂ ಎಳೆದ ಸ್ಥಿತಿಯಲ್ಲಿದ್ದರೆ ಮಾತ್ರ ಲೆನ್ಸ್ ಕಳಚುತ್ತದೆ, ಇಲ್ಲದಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ.

ಫಿಲ್ಮ್ ರೋಲಿನ ಜಾಗ ಫ್ರಿಜ್. ಹೊರತೆಗೆದ ಮೇಲೆ ಡಬ್ಬಿ ತೆರೆಯದೆ ಎರಡು ಗಂಟೆ ಕಾಯಿರಿ. ನಮ್ಮ ಹವೆಯಲ್ಲಿ ತಣ್ಣಗಿನ ಫಿಲ್ಮಿನ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ, ಆ ಚುಕ್ಕೆಗಳು ಚಿತ್ರದಲ್ಲೂ ಬರುತ್ತವೆ.

ಬಳಸುವಾಗ

ಅಡಿಕೆ ತೋಟದ ನೆರಳಿನಲ್ಲಿ ಐಎಸ್‌ಒ 400ಕ್ಕೆ 1/250, ಎಫ್/4ರಿಂದ ಶುರುಮಾಡಿ, ಸೋಗೆ ಒತ್ತಾಗಿದ್ದರೆ ಎಫ್/2.8. ಬಿಸಿಲುಕೋಲುಗಳು ಬಿದ್ದ ಜಾಗಕ್ಕೆ ಮೀಟರ್ ಮೋಸಹೋಗುತ್ತದೆ, ನೆರಳನ್ನು ಅಳೆಯಿರಿ. ಬಣ್ಣದ ನೆಗೆಟಿವ್ ಎರಡು ಸ್ಟಾಪ್ ಹೆಚ್ಚಾದರೂ ತಾಳುತ್ತದೆ, ಒಂದು ಸ್ಟಾಪ್ ಕಡಿಮೆಯಾದರೆ ನೆರಳು ಮಣ್ಣಾಗುತ್ತದೆ. ಭೂತಕೋಲ, ತೆಯ್ಯಂಗಳ ಸೂಟೆ (ಒಣಗರಿಯ ಪಂಜು) ಬೆಳಕಿಗೆ ಐಎಸ್‌ಒ 800, 1/60, ಎಫ್/2. ಅಲ್ಲಿ ಫ್ಲ್ಯಾಶ್ ಹೊಡೆಯದಿರುವುದೇ ಮರ್ಯಾದೆ. ಬೇರೆ ಕಡೆ ಫ್ಲ್ಯಾಶ್ ಬಳಸುವುದಾದರೆ ಸಿಂಕ್ ವೇಗ, ಅಂದರೆ ಫ್ಲ್ಯಾಶಿಗೆ ಹೊಂದುವ ಗರಿಷ್ಠ ಶಟರ್ ವೇಗ, ದಾಟಬೇಡಿ: ಎಂ6ಗೆ 1/50, ಕೆ1000ಕ್ಕೆ 1/60. ದಾಟಿದರೆ ಅರ್ಧ ಚಿತ್ರ ಕಪ್ಪು.

ಬಣ್ಣದ ರೋಲುಗಳನ್ನು ಬೆಂಗಳೂರು, ಮುಂಬೈಯಂಥ ಕಡೆಯ ಲ್ಯಾಬ್‌ಗಳಿಗೆ ಕಳಿಸುವುದೇ ಸರಿ. ಅಗ್ಗಕ್ಕೆ ಸಿಗುವ, ಸಿನಿಮಾ ಫಿಲ್ಮನ್ನು ತುಂಡರಿಸಿ ತುಂಬಿದ ರೋಲು ಕೊಂಡಿದ್ದರೆ ಲ್ಯಾಬ್‌ಗೆ ಮೊದಲೇ ತಿಳಿಸಿ. ಅದರ ಹಿಂಬದಿಯಲ್ಲಿ ರೆಮ್‌ಜೆಟ್ ಎಂಬ ಕಪ್ಪು ಪದರ ಇದ್ದರೆ, ಬಣ್ಣದ ರೋಲು ತೊಳೆಯುವ ಸಾಮಾನ್ಯ ಸಿ-41 ಯಂತ್ರದಲ್ಲಿ ಅದು ಕಳಚಿ ಬೇರೆಯವರ ರೋಲುಗಳನ್ನೂ ಹಾಳುಮಾಡುತ್ತದೆ.

ಕಪ್ಪು-ಬಿಳುಪು ಮಾತ್ರ ಮನೆಯಲ್ಲೇ ತೊಳೆಯಿರಿ. ಇಲ್ಲಿನ ತೊಡಕು ಕತ್ತಲೆಯಲ್ಲ, ನೀರಿನ ಬಿಸಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರು 28–30 ಡಿಗ್ರಿ. ಪುಸ್ತಕಗಳೆಲ್ಲ 20 ಎನ್ನುತ್ತವೆ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ, ಚಿತ್ರ ಮೂಡಿಸುವ ದ್ರಾವಣವಾದ ಡಿ-76 ಡೆವಲಪರನ್ನು ಸಮಪಾಲು ನೀರು ಬೆರೆಸಿ ಬಳಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. 20ಕ್ಕೆ ಇಳಿಸಿ ನಿಲ್ಲಿಸುವ ಹರಸಾಹಸ ಬಿಟ್ಟು 23ಕ್ಕೆ ತನ್ನಿ, ಆಗ ಸುಮಾರು 8 ನಿಮಿಷ 15 ಸೆಕೆಂಡು. ಇನ್ನೂ ಮೇಲೇರಿದರೆ ಸಮಯ 5 ನಿಮಿಷದತ್ತ ಇಳಿದು ಚಿತ್ರ ಪಟ್ಟೆಪಟ್ಟೆಯಾಗುತ್ತದೆ. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಾಟಲಿಗಳನ್ನು ನಿಲ್ಲಿಸಿದ ಬೇಸಿನ್ನಿನ ನೀರಿಗೆ ಬಿಡಿ, ಡೆವಲಪರಿನೊಳಕ್ಕೆ ಹಾಕಬೇಡಿ. 35 ಎಂಎಂ ರೋಲಿಗೆ 150 ಮಿಲಿ ಡಿ-76, 150 ಮಿಲಿ ನೀರು. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು 4 ಸಲ ತಲೆಕೆಳಗು ಮಾಡಿ, ಬಳಿಕ ಪ್ರತಿ ನಿಮಿಷದ ಆರಂಭದಲ್ಲಿ 4 ಸಲ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಉಳಿಸುವ ರ‍್ಯಾಪಿಡ್ ಫಿಕ್ಸರ್ 1+4ರಲ್ಲಿ (ಒಂದು ಪಾಲಿಗೆ ನಾಲ್ಕು ಪಾಲು ನೀರು) 5 ನಿಮಿಷ. ತೊಳೆಯುವ ನೀರೂ ಅದೇ 23ರ ಹತ್ತಿರವಿರಲಿ, ದಿಢೀರನೆ ಬಿಸಿನೀರು ತಾಗಿದರೆ ಫಿಲ್ಮಿನ ಚಿತ್ರಪದರ (ಎಮಲ್ಷನ್) ಸುಕ್ಕುಗಟ್ಟಬಹುದು. ನೀರು ತುಂಬಿ 5 ಸಲ ತಿರುಗಿಸಿ ಚೆಲ್ಲಿ, ಹೊಸ ನೀರಿನಲ್ಲಿ 10 ಸಲ, ಮತ್ತೆ 20 ಸಲ. ಕೊನೆಯ ಮುಳುಗು ಡಿಸ್ಟಿಲ್ಡ್ ವಾಟರ್‌ನಲ್ಲಿ, ಬಾವಿನೀರು ಕಲೆ ಬಿಡುತ್ತದೆ. ಜುಲೈಯಲ್ಲಿ ಒಣಗಲು ಇಡೀ ರಾತ್ರಿ ಬೇಕು, ಅಲ್ಲಿಯತನಕ ಸುರುಳಿ ಸುತ್ತಬೇಡಿ.

ಮಾರುವುದಾದರೆ

ಪರೀಕ್ಷೆಯ ರೋಲಿನ ಸ್ಕ್ಯಾನುಗಳು, ಶಟರಿನ ಸ್ಲೋಮೋಷನ್ ವಿಡಿಯೋ, ಟಾರ್ಚ್ ಬಿಟ್ಟು ತೆಗೆದ ಲೆನ್ಸಿನ ಫೋಟೊ, ಈ ಮೂರಿದ್ದರೆ ಕೊಳ್ಳುವವರು ಚೌಕಾಸಿಗೆ ಇಳಿಯುವುದು ಕಡಿಮೆ. ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾಗಿ ಹೋದ ಬೆಲೆ ನೋಡಿ. ಸಣ್ಣ ಫಂಗಸ್ ಇದ್ದರೂ ಹೇಳಿಬಿಡಿ, ವಾಪಸು ಬಂದ ಪಾರ್ಸೆಲ್ ಮಳೆಯಲ್ಲಿ ಎರಡು ಸಲ ಪ್ರಯಾಣ ಮಾಡಿರುತ್ತದೆ. ಬ್ಯಾಟರಿ ತೆಗೆದು, ಎರಡು ಪೆಟ್ಟಿಗೆಗಳ ನಡುವೆ ಸುತ್ತಲೂ 5 ಸೆಂ.ಮೀ. ಮೆತ್ತೆ ಇಟ್ಟು, 50 ಗ್ರಾಂ ಜೆಲ್ ಹಾಕಿ ಮೇ ತಿಂಗಳಲ್ಲೇ ಕಳಿಸಿ.

ಮಾರದೆ ಮಂಗಳೂರು ವಿಮಾನ ನಿಲ್ದಾಣದಿಂದ ಗಲ್ಫಿಗೆ ಒಯ್ಯುವವರು, ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅದಿಲ್ಲದೆ ಮರಳಿ ಬರುವಾಗ ನಿಮ್ಮದೇ ಕ್ಯಾಮೆರಾಕ್ಕೆ ಸುಂಕ ಕೇಳಬಹುದು. ರೋಲುಗಳು ಕೈಚೀಲದಲ್ಲಿರಲಿ; ಚೆಕ್-ಇನ್ ಸಾಮಾನಿನ ಎಕ್ಸ್‌ರೇಯೂ ಕೈಚೀಲ ನೋಡುವ ಹೊಸ ಸಿಟಿ ಸ್ಕ್ಯಾನರೂ ತೊಳೆಯದ ಫಿಲ್ಮನ್ನು ಮಸುಕಾಗಿಸುತ್ತವೆ. ಪಾರದರ್ಶಕ ಚೀಲದಲ್ಲಿ ಹಾಕಿಟ್ಟುಕೊಂಡು, ಕೈಯಲ್ಲೇ ಪರೀಕ್ಷಿಸಿ ಎಂದು ಸರದಿ ಬರುವ ಮೊದಲೇ ಕೇಳಿ.